ಹವ್ಯಾಸವಾದರೆ ಕಲೆ, ಹೊಟ್ಟೆಪಾಡಾದರೆ ಮೈಲಿಗೆ?

ಹೆಣ್ಣುಮಕ್ಕಳ ಹವ್ಯಾಸಗಳ ವಿಷಯದಲ್ಲಿ ನಮ್ಮ ಸಮಾಜ ಬಹಳ ಉದಾರಿ. ಕಸೂತಿ ಹಾಕಿ, ಕ್ರೋಶಾ ಹೆಣೆಯಿರಿ, ಮಣಿಯಿಂದ ತೋರಣ ಮಾಡಿ, ಗಾಜಿನ ಮೇಲೆ ಚಿತ್ರ ಬರೆಯಿರಿ, ಯಾರೂ ಬೇಡವೆನ್ನುವುದಿಲ್ಲ. ಮಣ್ಣಿನ ಗಣಪತಿ ಮಾಡಿದರಂತೂ ಓಣಿಯವರೆಲ್ಲ ಬಂದು ನೋಡಿ ಹೊಗಳಿ ಹೋಗುತ್ತಾರೆ. ಆದರೆ ಒಂದು ತುಂಡು ತೊಗಲು, ಎರಡು ಸೂಜಿ, ಒಂದು ಉಳಿ ಹಿಡಿದುಕೊಂಡು ಪಡಸಾಲೆಯಲ್ಲಿ ಕುಳಿತು ನೋಡಿ. ಅಷ್ಟೂ ಔದಾರ್ಯ ಹಿತ್ತಿಲ ಬಾಗಿಲಿನಿಂದ ಎದ್ದು ಹೋಗುತ್ತದೆ.

ನಾನು ಎರಡು ವರ್ಷಗಳಿಂದ ಚರ್ಮದ ಕೆಲಸ ಕಲಿಯುತ್ತಿದ್ದೇನೆ. ವೃತ್ತಿಗಲ್ಲ, ಹವ್ಯಾಸಕ್ಕೆ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತ ಮೂವತ್ತು ವರ್ಷ ಸಮೀಪಿಸಿದ ನನಗೆ, ಕೈಗೆ ಕೆಲಸ ಬೇಕೆನ್ನಿಸಿತು. ಸೀಮೆಸುಣ್ಣ ಹಿಡಿದ ಕೈಗೆ ಉಳಿ ಹಿಡಿಯುವ ಆಸೆಯಾಯಿತು. ಇದರಲ್ಲಿ ಅಂಥ ದೊಡ್ಡ ಸುದ್ದಿಯೇನೂ ಇಲ್ಲ. ಆದರೆ ಈ ಎರಡು ವರ್ಷಗಳಲ್ಲಿ ನನ್ನ ಕಿವಿಗೆ ಬಿದ್ದ ಮಾತುಗಳಿವೆಯಲ್ಲ, ಅವು ನಮ್ಮ ಬಗ್ಗೆ, ನಮ್ಮಂಥ ಓದಿದ ಮಧ್ಯಮ ವರ್ಗದ ಹೆಂಗಸರ ಬಗ್ಗೆ ಬಹಳಷ್ಟನ್ನು ಹೇಳುತ್ತವೆ. ಅದಕ್ಕಾಗಿಯೇ ಈ ಬರೆಹ.

ಮೊದಲು ಕೆಲಸದ ಮಾತು. ಹಸಿ ತೊಗಲು ಕೊಳೆಯುವ ವಸ್ತು. ಅದನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಮಾಂಸದ ಪೊರೆ ಕೆರೆದು, ಮರದ ತೊಗಟೆಯ ಒಗರಿನಲ್ಲಿ ಹದ ಮಾಡಿದರೆ ಅದು ವರ್ಷಾನುಗಟ್ಟಲೆ ಬಾಳುವ ಚರ್ಮವಾಗುತ್ತದೆ. ನಮ್ಮ ಕಡೆ ಜಾಲಿಯ ತೊಗಟೆ, ಅಳಲೆಕಾಯಿ, ಆವರಿಕೆ ಗಿಡದ ಸಿಪ್ಪೆ ಇವುಗಳಿಂದ ಹದ ಮಾಡುವ ಪದ್ಧತಿ ಹಿಂದಿನಿಂದ ಬಂದದ್ದು. ಇದಕ್ಕೆ ವಾರಗಟ್ಟಲೆ ಬೇಕು. ಕಾರ್ಖಾನೆಗಳಲ್ಲಿ ಕ್ರೋಮಿಯಂ ಲವಣ ಬಳಸಿ ಬಹಳ ಬೇಗ ಮುಗಿಸುತ್ತಾರೆ. ಆ ಚರ್ಮ ಮೆತ್ತಗೆ, ನೀರಿಗೆ ಹೆದರುವುದಿಲ್ಲ. ಆದರೆ ನಕಾಶೆ ಕೆತ್ತಬೇಕಾದರೆ ತೊಗಟೆಯಲ್ಲಿ ಹದವಾದ ಚರ್ಮವೇ ಬೇಕು. ಅದನ್ನು ತುಸು ಒದ್ದೆ ಮಾಡಿದರೆ ಕಣಕದ ಹಾಗೆ ಮಾತು ಕೇಳುತ್ತದೆ. ಒತ್ತಿದ ಗುರುತು ಒಣಗಿದ ಮೇಲೂ ಉಳಿಯುತ್ತದೆ.

ಇನ್ನು ಹೊಲಿಗೆ. ಒಂದೇ ದಾರ, ಅದರ ಎರಡೂ ತುದಿಗೆ ಒಂದೊಂದು ಸೂಜಿ. ದಾರಕ್ಕೆ ಜೇನುಮೇಣ ತಿಕ್ಕಬೇಕು. ಉಳಿಯಿಂದ ಸಮ ದೂರದಲ್ಲಿ ತೂತು ಹೊಡೆದು, ಪ್ರತಿ ತೂತಿನಲ್ಲೂ ಎರಡು ಕಡೆಯಿಂದ ಎರಡು ಸೂಜಿಗಳನ್ನು ದಾಟಿಸಬೇಕು. ಮಷಿನ್ನಿನ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೆ ಉಳಿದದ್ದು ಸಡಿಲಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಈ ಕೈಹೊಲಿಗೆಯಲ್ಲಿ ಒಂದು ಎಳೆ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಕುದುರೆಯ ಜೀನು ಹೊಲಿಯುವವರ ಹೊಲಿಗೆ ಇದು. ಜೀವ ಅದರ ಮೇಲೆ ನಿಂತಿರುವುದರಿಂದ ಅಷ್ಟು ಗಟ್ಟಿ.

ಬೆಂಗಳೂರಿನಂಥ ನಗರಗಳಲ್ಲಿ ಈಗ ಇದಕ್ಕೆ ಒಳ್ಳೆಯ ಕಾಲ ಬಂದಿದೆ. ಭಾನುವಾರದ ಶಿಬಿರಗಳು ನಡೆಯುತ್ತವೆ. ಒಂದು ದಿನಕ್ಕೆ ಸಾವಿರಾರು ರೂಪಾಯಿ ಕೊಟ್ಟು, ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು, ಒಂದು ಪುಟ್ಟ ಪಾಕೀಟು ಹೊಲಿದುಕೊಂಡು ಬರುತ್ತಾರೆ. ಅದಕ್ಕೆ 'ಲೆದರ್ ಕ್ರಾಫ್ಟ್' ಎಂದು ಹೆಸರು. ಕಲಿಸುವವರು 'ಆರ್ಟಿಸ್ಟ್'. ನನ್ನ ಆಕ್ಷೇಪ ಶಿಬಿರದ ಮೇಲಲ್ಲ. ಕಲಿಯಲಿ, ಎಲ್ಲರೂ ಕಲಿಯಲಿ. ನನ್ನ ಪ್ರಶ್ನೆ ಬೇರೆ. ಅದೇ ಹೊಲಿಗೆಯನ್ನು, ಅದಕ್ಕಿಂತ ಚೊಕ್ಕಟವಾಗಿ, ನಮ್ಮೂರ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ಕುಳಿತು ಹಾಕುವವನಿಗೆ ನಾವು ಏನೆನ್ನುತ್ತೇವೆ? 'ಏಯ್' ಎನ್ನುತ್ತೇವೆ. ಚಪ್ಪಲಿಯನ್ನು ಕಾಲಿನಿಂದಲೇ ಅವನತ್ತ ನೂಕುತ್ತೇವೆ. ಹೊಲಿದು ಕೊಟ್ಟಾಗ ಕಾಸನ್ನು ಕೈಗೆ ಕೊಡದೆ ಗೋಣಿತಟ್ಟಿನ ಮೇಲೆ ಹಾಕುತ್ತೇವೆ. ಇಪ್ಪತ್ತು ರೂಪಾಯಿ ಕೇಳಿದರೆ ಹತ್ತಕ್ಕೆ ಚೌಕಾಸಿ ಮಾಡುತ್ತೇವೆ. ಒಂದೇ ಕೆಲಸ, ಒಂದೇ ಸೂಜಿ. ಹವ್ಯಾಸವಾದರೆ ಕಲೆ, ಹೊಟ್ಟೆಪಾಡಾದರೆ ಮೈಲಿಗೆ. ಇದು ಯಾವ ನ್ಯಾಯ?

ನಾನು ಕಲಿಯಲು ಹೋದದ್ದು ಆ ಬೇವಿನ ಮರದ ಕೆಳಗಿನ ಅಜ್ಜನ ಬಳಿಗೆ. ಅವರು ನಂಬಲಿಲ್ಲ. "ಟೀಚರಮ್ಮಾ, ನಿಮಗ್ಯಾಕ್ರೀ ಈ ಕೆಲಸಾ? ಸಾಲಿ ಬಿಟ್ಟೀರೇನು?" ಎಂದು ಕೇಳಿದರು. ನಾನು ಹಟ ಹಿಡಿದ ಮೇಲೆ, ಮನೆಗೆ ಬನ್ನಿ, ಇಲ್ಲಿ ಜನ ಏನಾದರೂ ಅಂದಾರು ಎಂದರು. ಅವರಿಗೆ ಅವರ ಮಾನಕ್ಕಿಂತ ನನ್ನ ಮಾನದ ಚಿಂತೆ! ಅವರ ಮನೆಯಲ್ಲಿ ನನಗೆ ಹೆಚ್ಚು ಕಲಿಸಿದವರು ಅವರ ಹೆಂಡತಿ. ಚಪ್ಪಲಿಯ ಮೇಲಿನ ಜಡೆಯಂಥ ಹೆಣಿಗೆಗೆ ಅವರ ಕಡೆ 'ವೇಣಿ' ಎನ್ನುತ್ತಾರೆ. ಮೇಕೆಯ ತೆಳು ಚರ್ಮವನ್ನು ದಾರದಂತೆ ಸೀಳಿ ಆ ತಾಯಿ ಹೆಣೆಯುವುದನ್ನು ನೋಡಿದರೆ ಮಗಳಿಗೆ ಜಡೆ ಹಾಕಿದ ಹಾಗೆಯೇ ಇರುತ್ತದೆ. ಕಣ್ಣು ಬೇಕಾಗಿಲ್ಲ, ಬೆರಳಿಗೇ ಗೊತ್ತು. ವಾರಕ್ಕೆ ಎರಡು ದಿನ, ತಿಂಗಳಿಗೆ 1,500 ರೂಪಾಯಿ ಎಂದು ನಾನೇ ಹೇಳಿದೆ. ಸಂಗೀತದ ಮೇಷ್ಟರಿಗೆ ಕೊಡುವ ಹಾಗೆ ಒಂದನೆಯ ತಾರೀಖಿಗೆ ಕೈಗೆ ಕೊಡುತ್ತೇನೆ. ವಿದ್ಯೆಗೆ ಫೀಸು ಉಂಟಲ್ಲವೇ?

ಈಗ ನನಗೆ ಬಂದ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ. ಏಕೆಂದರೆ ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ಇವೇ ಮಾತುಗಳು ನಿಮ್ಮ ಮನೆಗೂ ಬರುತ್ತವೆ.

ಮೊದಲನೆಯದು ಮಡಿ-ಮೈಲಿಗೆ. ನೆಂಟರೊಬ್ಬರು ನಮ್ಮ ಮನೆಗೆ ಬಂದಾಗ, ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿ ನನ್ನ ಚರ್ಮದ ತುಂಡುಗಳನ್ನು ಕಂಡು, "ಇದನ್ನು ಒಳಗೆ ಇಟ್ಟಿದ್ದೀಯಾ?" ಎಂದು ಸೆರಗು ಸರಿಸಿಕೊಂಡರು. ಆಗ ಅವರ ಹೆಗಲ ಮೇಲಿದ್ದದ್ದು ಚರ್ಮದ ವ್ಯಾನಿಟಿ ಬ್ಯಾಗು. ಅದರೊಳಗೆ ರಾಯರ ಮಂತ್ರಾಕ್ಷತೆ! ಅಂಗಡಿಯಿಂದ ಬಂದ ಚರ್ಮಕ್ಕೆ ಮೈಲಿಗೆಯಿಲ್ಲ, ಕೈಯಿಂದ ಹೊಲಿದ ಚರ್ಮಕ್ಕೆ ಮೈಲಿಗೆ ಎಂದರೆ, ಮೈಲಿಗೆ ಇರುವುದು ಚರ್ಮದಲ್ಲಲ್ಲ ಎಂದಾಯಿತು. ಅದು ಆ ಕೆಲಸ ಮಾಡುವ ಮನುಷ್ಯರಿಗೆ ನಾವು ಅಂಟಿಸಿದ್ದು. ಹೊಲಿಯಲು ನಾನು ಕುಳಿತ ಕೂಡಲೇ ಅದು ನನಗೂ ತುಸು ಅಂಟಿತು, ಅಷ್ಟೇ.

ಮೃದಂಗವನ್ನು ನೋಡಿ. ಮೇಕೆ, ಹಸು, ಎಮ್ಮೆ ಮೂರರ ತೊಗಲೂ ಅದಕ್ಕೆ ಬೇಕು. ದೇವರ ಮುಂದೆ ಕುಳಿತು ನುಡಿಸುತ್ತಾರೆ, ನುಡಿಸುವವರಿಗೆ ಶಾಲು ಹೊದಿಸುತ್ತಾರೆ. ತೊಗಲು ಆರಿಸಿ, ಹದ ನೋಡಿ, ಬಿಗಿದು ಕೊಟ್ಟವರ ಹೆಸರು ಆಮಂತ್ರಣ ಪತ್ರಿಕೆಯ ಯಾವ ಮೂಲೆಯಲ್ಲೂ ಇರುವುದಿಲ್ಲ. ಗಾಯಕ ಟಿ. ಎಂ. ಕೃಷ್ಣ ಈ ಮೃದಂಗ ತಯಾರಕರ ಬದುಕನ್ನು ಕುರಿತೇ 2020ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ತಂದರು. ತಪಸ್ಸಿಗೆ ಕೂರುವವರಿಗೆ ಕೃಷ್ಣಾಜಿನ ಬೇಕು. ಶಿವನಂತೂ ಉಟ್ಟಿರುವುದೇ ಚರ್ಮ. ರಾಮಾಯಣದ ಕಥೆಯನ್ನು ತೊಗಲುಗೊಂಬೆಗಳಲ್ಲಿ ಆಡಿಸುವ ನಮ್ಮ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಂಬತ್ತು ದಾಟಿದ ಆ ಅಜ್ಜಿಯ ಕೈಯಲ್ಲಿ ರಾಮನೂ ತೊಗಲು, ಸೀತೆಯೂ ತೊಗಲು. ಪರದೆಯ ಹಿಂದೆ ದೀಪ ಹಚ್ಚಿದ ಮೇಲೆ ಯಾರೂ ಮೈಲಿಗೆ ಎನ್ನುವುದಿಲ್ಲ, ಕೈ ಮುಗಿಯುತ್ತಾರೆ.

ಎರಡನೆಯದು ಅಹಿಂಸೆಯ ಮಾತು. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಪ್ರಾಣಿಯ ನೋವನ್ನು ನೆನೆದು ಚರ್ಮವನ್ನು ಮುಟ್ಟುವುದೇ ಇಲ್ಲ ಎನ್ನುವವರಿಗೆ, ಚಪ್ಪಲಿಯಿಂದ ಹಿಡಿದು ಬೆಲ್ಟಿನವರೆಗೆ ಎಲ್ಲವನ್ನೂ ಬಿಟ್ಟವರಿಗೆ, ನನ್ನ ಗೌರವವಿದೆ. ಅವರೊಡನೆ ನನಗೆ ಜಗಳವಿಲ್ಲ. ಆದರೆ ಚರ್ಮದ ಬೂಟು ತೊಟ್ಟು, ಚರ್ಮದ ಸೋಫಾದ ಮೇಲೆ ಕುಳಿತು ನನಗೆ ಅಹಿಂಸೆ ಬೋಧಿಸುವವರಿಗೆ ಏನೆನ್ನಲಿ? ಬಳಸುವವನು ಸಾಧು, ಹದ ಮಾಡುವವನು ಕಟುಕ ಎಂಬುದು ಅಹಿಂಸೆಯಲ್ಲ. ಪಾಪವನ್ನು ಬೇರೆಯವರ ಲೆಕ್ಕಕ್ಕೆ ಬರೆಯುವ ಜಾಣತನ. ರೆಕ್ಸಿನ್ ಇದೆಯಲ್ಲ ಎನ್ನುತ್ತಾರೆ. ಇದೆ. ಅದು ಪ್ಲಾಸ್ಟಿಕ್ಕಿನ ಲೇಪ. ಎರಡು ವರ್ಷಕ್ಕೆ ಸಿಪ್ಪೆ ಏಳುತ್ತದೆ, ಮಣ್ಣಿನಲ್ಲಿ ಕರಗುವುದಿಲ್ಲ. ಮಾಂಸಕ್ಕಾಗಿ ಕಡಿದ, ವಯಸ್ಸಾಗಿ ಸತ್ತ ಪ್ರಾಣಿಯ ತೊಗಲನ್ನು ಕೊಳೆಯಲು ಬಿಡದೆ ಹತ್ತಿಪ್ಪತ್ತು ವರ್ಷ ಬಾಳುವ ವಸ್ತುವಾಗಿ ಮಾಡಿದವರು ಲೋಕಕ್ಕೆ ಉಪಕಾರವನ್ನೇ ಮಾಡಿದರು.

ಮೂರನೆಯದು, ಇದು ಹೆಂಗಸರ ಕೆಲಸವೇ ಎಂಬ ಪ್ರಶ್ನೆ. ಅಥಣಿ, ನಿಪ್ಪಾಣಿ ಕಡೆಯ ಮನೆಗಳಿಗೆ ಹೋಗಿ ನೋಡಿದವರು ಹೀಗೆ ಕೇಳಲಾರರು. ಅಟ್ಟೆ ಕತ್ತರಿಸುವುದು, ಬಡಿಯುವುದು ಹೆಚ್ಚಾಗಿ ಗಂಡಸರ ಪಾಲು. ಹೆಣಿಗೆ, ಹೊಲಿಗೆ, ಅಲಂಕಾರ ಹೆಂಗಸರ ಪಾಲು. ಅಡಿಗೆ ಮಾಡಿ, ನೀರು ಹೊತ್ತು, ಮಕ್ಕಳನ್ನು ಶಾಲೆಗೆ ಕಳಿಸಿ, ಮಿಕ್ಕ ಹೊತ್ತಿನಲ್ಲಿ ಹೆಣೆದದ್ದಕ್ಕೆ ಬೇರೆ ಕೂಲಿಯ ಲೆಕ್ಕವೇ ಇರುತ್ತಿರಲಿಲ್ಲ. ಅಥಣಿಯಲ್ಲಿ ಈ ಹೆಣ್ಣುಮಕ್ಕಳು ಸ್ವಸಹಾಯ ಗುಂಪು ಕಟ್ಟಿಕೊಂಡು ತಮ್ಮ ದುಡಿಮೆಗೆ ತಾವೇ ಬೆಲೆ ಕೇಳುವುದನ್ನು ಕಲಿತರು. ಹೆಂಗಸರು ಈ ಕೆಲಸ ಮಾಡುತ್ತಲೇ ಬಂದಿದ್ದಾರೆ. ನಮ್ಮ ಜಾತಿಯ ಹೆಂಗಸರು ಮಾಡಿಲ್ಲ, ಅಷ್ಟೇ. ಪ್ರಶ್ನೆ ಕೇಳುವವರ ಬಾಯಲ್ಲಿ 'ಹೆಂಗಸರು' ಎಂಬ ಪದಕ್ಕೆ ಇರುವ ಅರ್ಥ ಎಷ್ಟು ಕಿರಿದು ನೋಡಿ!

ಇದೆಲ್ಲ ನಡೆಯುತ್ತಿರುವುದು ಯಾವ ನಾಡಿನಲ್ಲಿ? ಹನ್ನೆರಡನೆಯ ಶತಮಾನದಲ್ಲಿಯೇ ಈ ಪ್ರಶ್ನೆಯನ್ನು ಎತ್ತಿ, ಅದಕ್ಕಾಗಿ ಪ್ರಾಣ ತೆತ್ತವರ ನಾಡಿನಲ್ಲಿ. ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲಿ ಅವರ ಕಸುಬಿನ ಉಳಿ, ಕತ್ತಿಗಳೇ ಸೇರಿಕೊಂಡಿವೆ. ದೇವರ ಹೆಸರನ್ನು ಕರೆಯುವಾಗಲೂ ಅವರು ಉಳಿಯನ್ನು ಹೊರಗಿಟ್ಟು ಬರಲಿಲ್ಲ. ಸಮಗಾರ ಹರಳಯ್ಯನವರು ಮತ್ತು ಅವರ ಪತ್ನಿ ಕಲ್ಯಾಣಮ್ಮನವರು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂಬ ಕಥೆ ನಮ್ಮಲ್ಲಿ ಕೇಳದವರಿಲ್ಲ. ಬಸವಣ್ಣನವರು ಅದನ್ನು ಕಾಲಿಗೆ ಹಾಕಿಕೊಳ್ಳದೆ ತಲೆಯ ಮೇಲೆ ಹೊತ್ತರಂತೆ. ಹರಳಯ್ಯನವರ ಮಗನಿಗೂ ಬ್ರಾಹ್ಮಣರಾಗಿದ್ದ ಮಧುವರಸರ ಮಗಳಿಗೂ ಮದುವೆಯಾದದ್ದಕ್ಕೆ ಬಿಜ್ಜಳನ ಆಳ್ವಿಕೆಯಲ್ಲಿ ಇಬ್ಬರು ತಂದೆಯರಿಗೂ ಘೋರ ಮರಣದಂಡನೆಯಾಯಿತು. ಕಲ್ಯಾಣ ಹೊತ್ತಿ ಉರಿಯಿತು. ಬಸವ ಜಯಂತಿಯ ದಿನ ಈ ಕಥೆಯನ್ನು ಭಾಷಣದಲ್ಲಿ ಹೇಳುತ್ತೇವೆ, ಮಕ್ಕಳಿಂದ ನಾಟಕ ಆಡಿಸುತ್ತೇವೆ. ಮರುದಿನ ಅದೇ ಬೇವಿನ ಮರದ ಕೆಳಗೆ ಚಪ್ಪಲಿಯನ್ನು ಕಾಲಿನಿಂದ ನೂಕುತ್ತೇವೆ. ಎಂಟುನೂರು ವರ್ಷಗಳ ಹಿಂದಿನ ಹರಳಯ್ಯ ಶರಣರು. ಇಂದಿನ ಹರಳಯ್ಯ 'ಏಯ್'.

ನನ್ನ ವೃತ್ತಿಯವರ ಬಗ್ಗೆಯೂ ಒಂದು ಮಾತು ಹೇಳದೆ ಬಿಡಲಾರೆ. ಲೆಕ್ಕ ಬಾರದ ಹುಡುಗನಿಗೆ, ಓದದ ಹುಡುಗಿಗೆ ಸ್ಟಾಫ್‌ರೂಮಿನಲ್ಲಿ, ತರಗತಿಯಲ್ಲಿ ಹೇಳುವ ಬೈಗುಳ ಯಾವುದು? "ಓದದಿದ್ದರೆ ಚಪ್ಪಲಿ ಹೊಲಿಯೋಕೆ ಹೋಗ್ತೀಯ." ಎಷ್ಟು ಶಾಲೆಗಳಲ್ಲಿ, ಎಷ್ಟು ಬಾರಿ ಈ ಮಾತನ್ನು ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಕೆಟ್ಟವರಲ್ಲ, ಮಕ್ಕಳ ಒಳಿತಿಗೇ ಹೇಳುತ್ತೇವೆಂದು ನಂಬಿರುತ್ತಾರೆ. ಆದರೆ ಆ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಚಪ್ಪಲಿ ಹೊಲಿಯುವವನ ಮಗಳೊಬ್ಬಳು ಕುಳಿತಿರುತ್ತಾಳೆ. ಅಪ್ಪ ಹೊಲಿದ ಚಪ್ಪಲಿಯ ದುಡ್ಡಿನಲ್ಲೇ ಅವಳ ನೋಟುಪುಸ್ತಕ ಬಂದಿರುತ್ತದೆ. ಆ ಒಂದು ವಾಕ್ಯದಲ್ಲಿ ಅವಳ ಅಪ್ಪ ಇಡೀ ತರಗತಿಗೆ ಶಿಕ್ಷೆಯ ಉದಾಹರಣೆಯಾಗಿಬಿಡುತ್ತಾನೆ. ಅವಳು ತಲೆ ತಗ್ಗಿಸುತ್ತಾಳೆ. ನಾಳೆಯಿಂದ ಅಪ್ಪನ ಕೆಲಸ ಏನೆಂದು ಯಾರಾದರೂ ಕೇಳಿದರೆ 'ಬಿಸಿನೆಸ್' ಎನ್ನುತ್ತಾಳೆ. ಸಂವಿಧಾನದ 17ನೇ ವಿಧಿ 1950ರಲ್ಲಿಯೇ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು ಎಂದು ನಾವು ಬೋರ್ಡಿನ ಮೇಲೆ ಬರೆಸುತ್ತೇವೆ; ಬಾಯಿಯಿಂದ ಅದನ್ನೇ ಮತ್ತೆ ಜಾರಿಗೆ ತರುತ್ತೇವೆ. ಸಮಾಜ ಪಾಠ ಅಂಕಕ್ಕಷ್ಟೇ ಏನು?

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಥೇಟು ಕೊಲ್ಹಾಪುರಿ ಚಪ್ಪಲಿಯಂಥದನ್ನೇ ಮೆರೆಸಿ, ಅದರ ಮೂಲ ಎಲ್ಲಿಯದು ಎಂದು ಹೇಳಲೇ ಇಲ್ಲ. ನಮ್ಮ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಆಗಬೇಕಾದದ್ದೇ. ಏಕೆಂದರೆ ಈ ಚಪ್ಪಲಿಗೆ 2018-19ರ ಸಾಲಿನಲ್ಲಿಯೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತ್ತು. ಅದರಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ಕೊನೆಗೆ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಸಂಸ್ಥೆಗಳೊಡನೆ ಒಪ್ಪಂದವನ್ನೂ ಮಾಡಿಕೊಂಡಿತು. ಆ ಗದ್ದಲದ ದಿನಗಳಲ್ಲಿ ನಮ್ಮ ಓಣಿಯಲ್ಲಿ ಎಲ್ಲರೂ ಸ್ವದೇಶಾಭಿಮಾನಿಗಳೇ. "ನಮ್ಮ ಕಲೆಯನ್ನು ಕದ್ದರು!" ಎಂದದ್ದೇ ಎಂದದ್ದು. ನಮ್ಮ ಕಲೆ! ಅದು ಯಾವಾಗಿನಿಂದ ನಮ್ಮದಾಯಿತು? ಆ ಕಲೆಯ ಒಡೆಯರನ್ನು ನಮ್ಮ ಬಾವಿಗೆ ಬಿಟ್ಟುಕೊಂಡಿದ್ದೆವೇ? ನಮ್ಮ ಪಂಕ್ತಿಯಲ್ಲಿ ಕೂರಿಸಿಕೊಂಡಿದ್ದೆವೇ? ಹೆಸರು ಹೇಳದೆ ಕದ್ದ ಇಟಲಿಯವರ ತಪ್ಪು ನಮಗೆ ಕಾಣುತ್ತದೆ. ಹೆಸರು ಕೇಳದೆಯೇ ತಲೆಮಾರುಗಳ ಕಾಲ ಮೆಟ್ಟಿ ತಿರುಗಿದ ನಮ್ಮದು ಕಾಣುವುದಿಲ್ಲ.

ಇಲ್ಲಿ ಇನ್ನೊಂದು ಅಪಾಯವಿದೆ. ಹವ್ಯಾಸಿಗಳಾದ ನಾವು ಭಾವುಕರಾಗಿಬಿಡುತ್ತೇವೆ. "ಅಯ್ಯೋ, ಇಂಥ ಕಲೆ ನಶಿಸಿ ಹೋಗುತ್ತಿದೆಯಲ್ಲ, ಅವರ ಮಕ್ಕಳು ಮುಂದುವರಿಸಬಾರದೇ?" ಎಂದು ಮರುಗುತ್ತೇವೆ. ನನ್ನ ಗುರುಗಳ ಮೊಮ್ಮಗ ಡಿಪ್ಲೊಮಾ ಓದುತ್ತಿದ್ದಾನೆ, ಉಳಿ ಮುಟ್ಟುವುದಿಲ್ಲ. "ಬ್ಯಾಡ್ರೀ, ನಮ್ಮ ಸಂಗಾಟಾನ ಮುಗೀಲಿ ಇದು," ಎನ್ನುತ್ತಾರೆ ಅಜ್ಜಿ. ನಾನು ಎದುರಾಡುವುದಿಲ್ಲ. ನನ್ನ ಮಗಳು ಸಾಫ್ಟ್‌ವೇರ್ ಕಲಿಯಬಹುದು, ಅವರ ಮೊಮ್ಮಗ ಮಾತ್ರ ಪರಂಪರೆ ಕಾಯಬೇಕು ಎನ್ನಲು ನಾನು ಯಾರು? ಜಾತಿಯೆಂದರೆ ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಮೇಲು-ಕೀಳಾಗಿ ಹಂಚಿಟ್ಟ ವ್ಯವಸ್ಥೆ ಎಂದು ಅಂಬೇಡ್ಕರ್ 1936ರಲ್ಲಿಯೇ ತೋರಿಸಿಕೊಟ್ಟರು. ನಾನು ಬೇಕೆಂದಾಗ ಉಳಿ ಹಿಡಿಯುತ್ತೇನೆ, ಬೇಸರವಾದಾಗ ಕೆಳಗಿಡುತ್ತೇನೆ. ಅವರಿಗೆ ಕೆಳಗಿಡುವ ಸ್ವಾತಂತ್ರ್ಯ ಇರಲಿಲ್ಲ. ಹವ್ಯಾಸಕ್ಕೂ ಕುಲಕಸುಬಿಗೂ ಇರುವ ನಿಜವಾದ ಅಂತರ ಇದು. ಈ ಅಂತರ ಗೊತ್ತಿಲ್ಲದೆ ಮಾಡುವ ಕಲಾಪ್ರೇಮ ಬರೀ ಶೋಕಿ.

ಹಾಗಾದರೆ ಬಿಟ್ಟುಬಿಡೋಣವೇ? ಖಂಡಿತ ಬೇಡ. ಕಲಿಯೋಣ. ಒಂದು ಕೆಲಸವನ್ನು ಒಂದೇ ಜಾತಿಯ ತಲೆಗೆ ಕಟ್ಟಿದ್ದರಿಂದಲೇ ಅದು ಕೀಳಾಯಿತು. ಅವರ ಮಕ್ಕಳು ಹೊರಗೆ ಬರಲಿ, ನಮ್ಮ ಮಕ್ಕಳು ಒಳಗೆ ಹೋಗಲಿ. ಬ್ರಾಹ್ಮಣರ ಹುಡುಗಿ, ಲಿಂಗಾಯತರ ಸೊಸೆ, ಒಕ್ಕಲಿಗರ ಹೆಂಗಸು, ಬಂಟರ ಅಜ್ಜಿ ಎಲ್ಲರೂ ಪಡಸಾಲೆಯಲ್ಲಿ ಕುಳಿತು ಚರ್ಮ ಹೊಲಿಯುವ ದಿನ ಬಂದರೆ, ಮೂರನೆಯ ಬೆಂಚಿನ ಆ ಹುಡುಗಿ ತಲೆ ತಗ್ಗಿಸುವ ಕಾರಣ ಇರುವುದಿಲ್ಲ.

ಆದರೆ ಕಲಿಯುವುದಕ್ಕೆ ನಿಯಮಗಳಿವೆ. ನಿಮ್ಮೂರಿನಲ್ಲೇ ಬಲ್ಲವರಿದ್ದರೆ ಅವರಲ್ಲಿಗೇ ಹೋಗಿ, ಬಹುವಚನದಲ್ಲಿ ಮಾತನಾಡಿಸಿ, ಫೀಸು ಕೊಟ್ಟು ಕಲಿಯಿರಿ. ಅವರ ಮನೆಯ ನೀರು ಕುಡಿಯಿರಿ, ಅವರಿಗೆ ನಿಮ್ಮ ಮನೆಯ ನಡುಮನೆಯಲ್ಲಿ ಕಾಫಿ ಕೊಡಿ. ಹೊಲಿದ ಚೀಲವನ್ನು ಯಾರಾದರೂ ಹೊಗಳಿದರೆ ಕಲಿಸಿದವರ ಹೆಸರನ್ನು ಮೊದಲು ಹೇಳಿ. ಅವರು ಮಾಡಿದ ಸಾಮಾನಿಗೆ ಚೌಕಾಸಿ ಮಾಡಬೇಡಿ. ನೀವು ಒಮ್ಮೆ ಹೊಲಿದು ನೋಡಿದ ಮೇಲೆ ಚೌಕಾಸಿ ಮಾಡಲು ಬಾಯಿಯೂ ಬರುವುದಿಲ್ಲ. 1976ರಲ್ಲಿ ಸ್ಥಾಪನೆಯಾದ ಸರ್ಕಾರದ ಲಿಡ್ಕರ್ ಸಂಸ್ಥೆಯ ಮಳಿಗೆಗಳಿವೆ. ಮುಂದಿನ ಸಲ ಮಕ್ಕಳಿಗೆ ಶಾಲೆಯ ಬೂಟು ಕೊಳ್ಳುವಾಗ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಇನ್ನು ಶಿಕ್ಷಕಿಯರಲ್ಲಿ, ತಾಯಂದಿರಲ್ಲಿ ಒಂದೇ ವಿನಂತಿ. ಮಕ್ಕಳನ್ನು ಬೈಯಲೇಬೇಕಾದರೆ ಬೈಯಿರಿ, ಬೈಗುಳಕ್ಕೆ ಇನ್ನೊಬ್ಬರ ಅನ್ನವನ್ನು ಬಳಸಬೇಡಿ.

ನನ್ನ ಕೈಬೆರಳುಗಳಲ್ಲಿ ಈಗ ಸಣ್ಣ ಗಂಟುಗಳು ಬಿದ್ದಿವೆ. ದಾರ ಎಳೆದೆಳೆದು ಕಿರುಬೆರಳಿನ ಪಕ್ಕ ಚರ್ಮ ಒರಟಾಗಿದೆ. ಇದೇ ಕೈಯಲ್ಲಿ ಅಕ್ಕಿ ತೊಳೆಯುತ್ತೇನೆ, ದೀಪ ಹಚ್ಚುತ್ತೇನೆ, ಉತ್ತರಪತ್ರಿಕೆ ತಿದ್ದುತ್ತೇನೆ. ಅಕ್ಕಿ ಬೇಯುತ್ತದೆ, ದೀಪ ಉರಿಯುತ್ತದೆ. ಮೈಲಿಗೆಯಾಯಿತೆಂದು ಈವರೆಗೆ ದೂರಿದವರು ಮನುಷ್ಯರು ಮಾತ್ರ.